‘ಸುಮ್ಮನೆ ಎಲಿಜಿಬಿಲಿಟಿ ನೋಡುತ್ತೇವೆ’ ಎಂದವನಿಗೆ ಪ್ಯಾನ್ ಕಾರ್ಡ್ ಕೊಟ್ಟು ಕೆಟ್ಟೆ

ಗೃಹಸಾಲಕ್ಕೆ ಓಡಾಡುತ್ತಿರುವವರು ಯಾವುದೇ ಏಜೆಂಟನ ಕೈಗೆ ಪ್ಯಾನ್, ಆಧಾರ್ ಕೊಡುವ ಮುನ್ನ ದಯವಿಟ್ಟು ಇದನ್ನು ಪೂರ್ತಿ ಓದಿ. ದಾವಣಗೆರೆಯಲ್ಲಿ ಒಂದು ಮನೆಗೆ ಕ್ರಯದ ಕರಾರು ಮಾಡಿಕೊಂಡು, ಮೂರು ಲಕ್ಷ ರೂಪಾಯಿ ಮುಂಗಡ ಕೊಟ್ಟು, ಮೂರು ತಿಂಗಳ ಗಡುವು ಬರೆಸಿಕೊಂಡಿದ್ದ ನಾನು ಇಂದು ಸಾಲವೂ ಸಿಗದೆ, ಮುಂಗಡವೂ ಕೈಗೆ ಬಾರದೆ ಕುಳಿತಿದ್ದೇನೆ.

ನನ್ನ ಸಂಬಳದ ಖಾತೆ ಇರುವ ಬ್ಯಾಂಕಿನವರು ಇ-ಖಾತೆ, ಋಣಭಾರ ಪತ್ರ, ಕಟ್ಟಡದ ನಕ್ಷೆ ಎಂದು ಒಂದೊಂದೇ ಕಾಗದ ಕೇಳುತ್ತಿದ್ದರು. ತಡವಾಗುತ್ತಿದೆ ಎಂದು ನಾನು ಗೊಣಗಿದ್ದನ್ನು ಕೇಳಿಸಿಕೊಂಡ ಸಹೋದ್ಯೋಗಿಯೊಬ್ಬರು ಒಬ್ಬ ಏಜೆಂಟನ ನಂಬರ್ ಕೊಟ್ಟರು. ಆತ ಮರುದಿನವೇ ಮನೆಗೆ ಬಂದ, ಕಾಫಿ ಕುಡಿದ, ‘ನಿಮ್ಮಂಥ ಸರ್ಕಾರಿ ನೌಕರರಿಗೆ ಹತ್ತು ದಿನದಲ್ಲಿ ಸಾಲ ಸರ್’ ಎಂದ. ‘ಫೈಲ್ ಲಾಗಿನ್ ಮಾಡುವ, ಅಂದರೆ ಸಾಲದ ಅರ್ಜಿ ಹಾಕುವ ಮುಂಚೆ ಸುಮ್ಮನೆ ಎಲಿಜಿಬಿಲಿಟಿ ನೋಡುತ್ತೇವೆ, ಅದಕ್ಕೇನೂ ಆಗುವುದಿಲ್ಲ’ ಎಂದು ಹೇಳಿ ಸಂಬಳದ ಚೀಟಿ, ಫಾರ್ಮ್ 16, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವನ್ನೂ ತೆಗೆದುಕೊಂಡು, ಫೈಲ್ ಚಾರ್ಜ್ ಎಂದು 5,900 ರೂಪಾಯಿಯನ್ನೂ ಪಡೆದುಕೊಂಡು ಹೋದ. ರಸೀದಿ ಕೊಡಲಿಲ್ಲ. ನಾನೂ ಕೇಳಲಿಲ್ಲ.

ನಾನು ಪಿಯು ಕಾಲೇಜಿನಲ್ಲಿ ವಾಣಿಜ್ಯ ವಿಷಯ ಬೋಧಿಸುವವನು ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಓಟಿಪಿಯನ್ನು ಯಾರಿಗೂ ಹೇಳಬಾರದು ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತ ಬಂದವನೇ, ಪಾಠದ ನಡುವೆ ವರಾಂಡಕ್ಕೆ ಬಂದು, ಸೀಮೆಸುಣ್ಣದ ಕೈಯಲ್ಲಿ ಫೋನ್ ಹಿಡಿದು, ಬಂದ ಸಂಖ್ಯೆಗಳನ್ನು ಅವನಿಗೆ ಒಂದೊಂದಾಗಿ ಓದಿ ಹೇಳಿದೆ. ಒಂದು ಸಲವಲ್ಲ, ಐದು ಸಲ. ‘ಸರ್ವರ್ ಬಿಜಿ ಸರ್, ಇನ್ನೊಂದು ಬರುತ್ತೆ ಹೇಳಿ’ ಎನ್ನುತ್ತಿದ್ದ. ನಿಮ್ಮ ಕ್ರೆಡಿಟ್ ವರದಿಯನ್ನು (ಸಾಲ, ಕಂತುಗಳ ದಾಖಲೆಯನ್ನು) ಇಂಥ ಸಂಸ್ಥೆ ನೋಡಿದೆ ಎಂಬ ಎಸ್‌ಎಂಎಸ್‌ಗಳೂ ಆ ದಿನಗಳಲ್ಲಿ ಬಂದಿದ್ದವು. ಹಾಗೆ ತಿಳಿಸಬೇಕೆಂದು 2023ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕೇ ಆ ವರದಿಗಳನ್ನು ಸಿದ್ಧಪಡಿಸುವ ಸಿಬಿಲ್‌ನಂಥ ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ಸೂಚಿಸಿದೆ. ನಾನು ಅವನ್ನು ಜಾಹೀರಾತೆಂದು ಭಾವಿಸಿ ಅಳಿಸಿಬಿಟ್ಟೆ.

ಹದಿನೈದು ದಿನ ಕಳೆದರೂ ಏನೂ ಆಗದಿದ್ದಾಗ ಎಲ್ಲ ಕಾಗದಗಳನ್ನು ಜೋಡಿಸಿಕೊಂಡು ನನ್ನ ಬ್ಯಾಂಕಿಗೇ ಮರಳಿ ಹೋದೆ. ಮ್ಯಾನೇಜರ್ ವರದಿ ತೆಗೆದು ನೋಡಿದರು, ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ, ಆಮೇಲೆ ಪರದೆಯನ್ನು ನನ್ನ ಕಡೆಗೆ ತಿರುಗಿಸಿ ಪೆನ್ನಿನ ಮುಚ್ಚಳದಿಂದ ಒಂದು, ಎರಡು, ಮೂರು ಎಂದು ಎಣಿಸುತ್ತ ಹೋದರು. ಹನ್ನೊಂದು ದಿನಗಳಲ್ಲಿ ಒಂಬತ್ತು ವಿಚಾರಣೆಗಳು, ಅಂದರೆ ಸಾಲದ ಅರ್ಜಿಯ ಮೇಲೆ ನನ್ನ ವರದಿಯನ್ನು ನೋಡಿದ ದಾಖಲೆಗಳು. ಅವುಗಳಲ್ಲಿ ಗೃಹಸಾಲಕ್ಕೆ ಸಂಬಂಧಿಸಿದ್ದು ನಾಲ್ಕೇ. ಉಳಿದವುಗಳಲ್ಲಿ ನಾಲ್ಕು ವೈಯಕ್ತಿಕ ಸಾಲಕ್ಕೆ, ಒಂದು ಕ್ರೆಡಿಟ್ ಕಾರ್ಡಿಗೆ. ಎಲ್ಲಿ ಮಂಜೂರಾದರೂ ತನಗೆ ಕಮಿಷನ್ ಬರಲಿ ಎಂದು ಆತ ನನ್ನ ಹೆಸರನ್ನು ಸಿಕ್ಕಸಿಕ್ಕ ಕಡೆ ಎಸೆದಿದ್ದ. ‘ಮೇಷ್ಟ್ರೇ, ಇಷ್ಟು ಕಡೆ ಯಾಕೆ ಕೇಳಿದಿರಿ? ಏನಾದರೂ ತೊಂದರೆಯಲ್ಲಿ ಇದ್ದೀರಾ?’ ಎಂದು ಅವರು ದನಿ ತಗ್ಗಿಸಿ ಕೇಳಿದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಕ್ಕದ ಮೇಜಿನಲ್ಲೇ ಕೆಲಸ ಮಾಡುತ್ತಿದ್ದ. ತಲೆ ಎತ್ತಲಾಗಲಿಲ್ಲ.

ಸಾಲ ತೀರಿಸುವ ವಿಷಯದಲ್ಲಿ ನಮ್ಮನ್ನು ಎಷ್ಟು ನಂಬಬಹುದು ಎಂದು 300ರಿಂದ 900ರವರೆಗಿನ ಅಳತೆಯಲ್ಲಿ ಹೇಳುವ ಕ್ರೆಡಿಟ್ ಸ್ಕೋರ್ ನನ್ನದು 781 ಇದ್ದದ್ದು 738ಕ್ಕೆ ಇಳಿದಿತ್ತು. ಒಂದು ಕಂತನ್ನೂ ತಪ್ಪಿಸಿದವನಲ್ಲ ನಾನು. ನಮ್ಮ ವರದಿಯನ್ನು ನಾವೇ ತೆಗೆದು ನೋಡಿದರೆ ಸ್ಕೋರಿಗೆ ಏನೂ ಆಗುವುದಿಲ್ಲ. ಸಾಲದ ಅರ್ಜಿಯ ಮೇಲೆ ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ ನೋಡಿದಾಗ ಅದು ವಿಚಾರಣೆಯಾಗಿ ದಾಖಲಾಗುತ್ತದೆ, ಮತ್ತು ಅಂಥವು ಕೆಲವೇ ದಿನಗಳಲ್ಲಿ ಸಾಲುಗಟ್ಟಿದರೆ ಈತ ಸಾಲಕ್ಕಾಗಿ ಬಾಗಿಲು ಬಾಗಿಲು ತಟ್ಟುತ್ತಿದ್ದಾನೆ ಎಂದೇ ಮುಂದಿನ ಬ್ಯಾಂಕು ಓದಿಕೊಳ್ಳುತ್ತದೆ. ‘ಆರು ತಿಂಗಳು ಎಲ್ಲಿಯೂ ಅರ್ಜಿ ಹಾಕಬೇಡಿ, ಆಮೇಲೆ ಬನ್ನಿ’ ಎಂದು ಮ್ಯಾನೇಜರ್ ಕಳುಹಿಸಿದರು. ನನ್ನ ಕರಾರಿನ ಗಡುವಿಗೆ ಉಳಿದಿದ್ದುದು ಐದು ವಾರ.

ಏಜೆಂಟನಿಗೆ ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. ‘ಸಿಬಿಲ್ ನೋಡಿದರೆ ಎಲ್ಲರದ್ದೂ ಇಳಿಯುತ್ತೆ ಸರ್, ತಾನೇ ಏರುತ್ತೆ.’ ವೈಯಕ್ತಿಕ ಸಾಲ ಯಾರು ಕೇಳಿದ್ದರು ಎಂದರೆ, ‘ರಿಜಿಸ್ಟ್ರೇಷನ್ ಖರ್ಚಿಗೆ ಬೇಕಾಗಬಹುದು ಅಂತ ನಿಮ್ಮ ಒಳ್ಳೆಯದಕ್ಕೇ ಹಾಕಿದ್ದು ಸರ್.’ 5,900 ರೂಪಾಯಿ ಹಿಂತಿರುಗಿಸು ಎಂದರೆ, ‘ಲಾಗಿನ್ ಆಗಿದೆ, ನಮ್ಮ ಕೆಲಸ ಮುಗಿದಿದೆ.’ ನನ್ನ ಒಪ್ಪಿಗೆ ಇಲ್ಲದೆ ಹೇಗೆ ಹಾಕಿದೆ ಎಂದು ರೇಗಿದಾಗ ನಗುತ್ತಲೇ ಹೇಳಿದ: ‘ಓಟಿಪಿ ಹೇಳಿದ್ದು ನೀವೇ ಅಲ್ವಾ ಸರ್?’ ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ವೈಯಕ್ತಿಕ ಸಾಲದ ವಿಚಾರಣೆಗಳನ್ನು ತೆಗೆದುಹಾಕಿ ಎಂದು ಸಿಬಿಲ್‌ಗೆ ತಕರಾರು ಸಲ್ಲಿಸಿದೆ. ಸಾಲ ಕೊಡುವ ಸಂಸ್ಥೆ ಒಪ್ಪದ ಹೊರತು ಅವರು ವರದಿಯನ್ನು ತಿದ್ದುವುದಿಲ್ಲ, ಆ ಸಂಸ್ಥೆಗಳು ಓಟಿಪಿಯನ್ನೇ ಮುಂದಿಟ್ಟವು.

ಓಟಿಪಿ ಬಂದರೆ ಮೊದಲು ಆ ಸಂದೇಶದಲ್ಲಿ ಯಾವ ಸಂಸ್ಥೆಯ ಹೆಸರಿದೆ, ಯಾವುದಕ್ಕೆ ಒಪ್ಪಿಗೆ ಎಂದಿದೆ ಎಂಬುದನ್ನು ಓದಿ; ನಾನು ಓದಿದ್ದು ಅಂಕಿಗಳನ್ನು ಮಾತ್ರ. ಸಿಬಿಲ್ ಸೇರಿ ನಾಲ್ಕೂ ಕ್ರೆಡಿಟ್ ಮಾಹಿತಿ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು, ಹಾಗಿರುವಾಗ ಎಲಿಜಿಬಿಲಿಟಿ ನೋಡಲು ಏಜೆಂಟ್ ಯಾಕೆ ಬೇಕು? ಒಂದು ಅಥವಾ ಎರಡು ಬ್ಯಾಂಕಿಗೆ ನೀವೇ ಕಾಲೆಳೆದುಕೊಂಡು ಹೋಗಿ.

ಮನೆ ಮಾರುವವರು ಇನ್ನೂ ಒಂದು ಲಕ್ಷ ಮುಂಗಡ ಕೊಟ್ಟರೆ ಗಡುವನ್ನು ಎರಡು ತಿಂಗಳು ಮುಂದೂಡುವುದಾಗಿ ಹೇಳಿದ್ದಾರೆ. ಹೆಂಡತಿಯ ಒಡವೆಯನ್ನು ಗಿರವಿ ಇಡುವ ಮಾತು ಮನೆಯಲ್ಲಿ ನಡೆಯುತ್ತಿದೆ. ನಿನ್ನೆ ಸಂಜೆ ಅದೇ ಏಜೆಂಟನಿಂದ ವಾಟ್ಸಾಪ್ ಬಂದಿತ್ತು: ‘ಸರ್, ಹೊಸ ಫೈನಾನ್ಸ್ ಒಂದಿದೆ, ಸಿಬಿಲ್ ನೋಡೋದೇ ಇಲ್ಲ, ಬಡ್ಡಿ ಸ್ವಲ್ಪ ಜಾಸ್ತಿ, ಲಾಗಿನ್ ಮಾಡಲಾ?’