ಮನೆಕೂಟಕ್ಕೆ ಯೂವರ್ಷನ್ ಬೈಬಲ್ ಆ್ಯಪ್: ಉಪಯೋಗ ಎಷ್ಟು, ತೊಡಕು ಎಲ್ಲಿ

ಅಮೆರಿಕದ ಓಕ್ಲಹೋಮಾದ ಲೈಫ್ ಚರ್ಚ್ ಎಂಬ ಸಭೆ 2008ರಲ್ಲಿ ಹೊರತಂದ ಈ ಆ್ಯಪ್ ಈಗ ನಮ್ಮ ಸಭೆಗಳಲ್ಲೂ ಬಹಳ ಜನರ ಫೋನಿನಲ್ಲಿದೆ. ದುಡ್ಡಿಲ್ಲ, ಜಾಹೀರಾತಿನ ಕಾಟವಿಲ್ಲ. ಭಾನುವಾರ ವಾಕ್ಯ ತೆಗೆಯುವುದಕ್ಕೆ, ದಿನದ ವಚನವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದಕ್ಕೆ ಬಳಸಿ ಸುಮ್ಮನಾಗುವವರೇ ಹೆಚ್ಚು. ಮನೆಗಳಲ್ಲಿ ಸೇರಿ ಬೈಬಲ್ ಓದಿ ಪ್ರಾರ್ಥಿಸುವ ಮನೆಕೂಟಕ್ಕೆ ನಿಜವಾಗಿ ನೆರವಾಗುವುದು ಅದರ ‘ಪ್ಲಾನ್ಸ್’, ಅಂದರೆ ದಿನಕ್ಕಿಷ್ಟು ಎಂದು ಹಂಚಿದ ಓದಿನ ಯೋಜನೆಗಳ ವಿಭಾಗದಲ್ಲಿ ಸ್ನೇಹಿತರ ಜೊತೆ ಓದುವ ಸೌಲಭ್ಯ.

ಒಬ್ಬರು ಪ್ಲಾನ್ ಆರಿಸಿ, ಸ್ನೇಹಿತರ ಜೊತೆ ಎಂಬ ಆಯ್ಕೆ ಒತ್ತಿ, ಆರಂಭದ ದಿನಾಂಕ ಹಾಕಿ, ಉಳಿದವರಿಗೆ ಲಿಂಕ್ ಕಳಿಸಬೇಕು. ಸೇರುವ ಪ್ರತಿಯೊಬ್ಬರಿಗೂ ಖಾತೆ ಬೇಕು. ಹಿರಿಯರು ನಿಂತುಬಿಡುವುದು ಇಲ್ಲೇ. ಕೂಟ ಮುಗಿದ ಮೇಲೆ ಪಕ್ಕದಲ್ಲಿ ಕೂತು ಖಾತೆ ಮಾಡಿಸಿಕೊಟ್ಟರೆ ಸರಿ, ಲಿಂಕ್ ಕಳಿಸಿ ಕಾಯುತ್ತಾ ಕೂತರೆ ಆಗದು. ಆಮೇಲೆ ದಿನದ ಭಾಗ ಓದಿ ಮುಗಿಸಿದವರು ಗುರುತು ಹಾಕುತ್ತಾರೆ, ಕೊನೆಗೆ ಇರುವ ಚರ್ಚೆಯ ಜಾಗದಲ್ಲಿ ಬರೆಯುತ್ತಾರೆ. ಆರರಿಂದ ಹತ್ತು ಜನರ ಗುಂಪು ಹದ. ಇಪ್ಪತ್ತು ದಾಟಿದರೆ ಬರೆಯುವವರು ಮೂವರೇ, ಮಿಕ್ಕವರು ‘ಆಮೆನ್’ ಹಾಕಿ ಜಾಗ ಖಾಲಿ ಮಾಡುತ್ತಾರೆ.

ಕನ್ನಡದವರಿಗೆ ದೊಡ್ಡ ತೊಡಕು ಭಾಷೆಯದು. ಫೋನಿನಲ್ಲಿ ಕನ್ನಡ ಸತ್ಯವೇದ ಇಟ್ಟುಕೊಂಡಿದ್ದರೆ ವಾಕ್ಯಭಾಗ ಕನ್ನಡದಲ್ಲಿ ತೆರೆಯುತ್ತದೆ. ಆದರೆ ಅದರ ಜೊತೆಗಿನ ಧ್ಯಾನ, ಅಂದರೆ ವಾಕ್ಯದ ಮೇಲಿನ ಚಿಕ್ಕ ಬರಹ, ಪ್ಲಾನ್ ಯಾವ ಭಾಷೆಯದೋ ಆ ಭಾಷೆಯಲ್ಲೇ ಇರುತ್ತದೆ. ಕನ್ನಡದ ಪ್ಲಾನ್‌ಗಳು ಇಂಗ್ಲಿಷ್‌ನಷ್ಟಿಲ್ಲ. ಆದ್ದರಿಂದ ಧ್ಯಾನವನ್ನು ಬಿಟ್ಟು ಬರೀ ವಾಕ್ಯ ಓದಿಸುವ ಪ್ಲಾನ್ ಆರಿಸಿ, ಪ್ರಶ್ನೆಯನ್ನು ನಡೆಸುವವರೇ ಕನ್ನಡದಲ್ಲಿ ಹಾಕುವುದು ಲೇಸು. ದಿನಕ್ಕೆ ಒಂದೇ ಪ್ರಶ್ನೆ, ಹೌದು-ಇಲ್ಲ ಎಂದು ಮುಗಿಯದಂಥದ್ದು.

ಅನುವಾದವನ್ನೂ ಮೊದಲೇ ಗೊತ್ತುಮಾಡಿ. ಬೈಬಲ್ ಸೊಸೈಟಿಯ ‘ಜೆ.ವಿ.’ ಎಂಬ ಅನುವಾದ ಒಬ್ಬರ ಕೈಯಲ್ಲಿ, ಸುಲಭ ಕನ್ನಡದ ‘ಪರಿಶುದ್ಧ ಬೈಬಲ್’ ಇನ್ನೊಬ್ಬರ ಕೈಯಲ್ಲಿ ಇದ್ದರೆ, ಒಟ್ಟಿಗೆ ಗಟ್ಟಿಯಾಗಿ ಓದುವಾಗ ಎರಡನೇ ವಚನಕ್ಕೇ ದನಿ ಚದುರುತ್ತದೆ. ಓದಲು ಒಂದು, ಅರ್ಥಕ್ಕೆ ಮತ್ತೊಂದು ಎಂದು ಹಂಚಿಕೊಂಡರೆ ಎರಡೂ ಕೆಲಸಕ್ಕೆ ಬರುತ್ತವೆ.

ಸೈರಣೆ, ಪ್ರೋತ್ಸಾಹ, ಒಗ್ಗಟ್ಟು ಎಂದು ಹುಡುಕಿದರೆ ಬರುವ ಪ್ಲಾನ್‌ಗಳಲ್ಲಿ ಎಷ್ಟೋ ಬಿಡಿ ವಚನಗಳ ಸರಮಾಲೆ. ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯದ ಓಟದ ವಚನ ಒಂದು ದಿನ, 10ನೇ ಅಧ್ಯಾಯದ 24-25ನೇ ವಚನ ಮತ್ತೊಂದು ದಿನ. ಈ ಎರಡನೆಯದರಲ್ಲಿರುವ, ಕೂಡಿಬರುವುದನ್ನು ಬಿಡಬೇಡಿ ಎಂಬ ಮಾತು ಅವಮಾನ ಉಂಡು, ಆಸ್ತಿ ಸುಲಿಗೆಯಾದವರಿಗೆ ಬರೆದದ್ದು. ಅವರ ಆ ಕಷ್ಟದ ಕಥೆ ಅದೇ 10ನೇ ಅಧ್ಯಾಯದ 32ರಿಂದ 34ರಲ್ಲಿದೆ. ಅದನ್ನು ಓದದಿದ್ದರೆ ಇದು ಹಾಜರಿ ಪುಸ್ತಕದ ಗದರಿಕೆಯಂತೆ ಕೇಳಿಸುತ್ತದೆ. ಇದಕ್ಕಿಂತ ಫಿಲಿಪ್ಪಿಯವರಿಗೆ ಬರೆದ ಪತ್ರವನ್ನು ಪೂರ್ತಿ ಹಿಡಿಯಿರಿ. ನಾಲ್ಕೇ ಅಧ್ಯಾಯ, 104 ವಚನ. ಅಧ್ಯಾಯಕ್ಕೆ ಎರಡು ದಿನ ಕೊಟ್ಟರೆ ಎಂಟು ದಿನ. 2ನೇ ಅಧ್ಯಾಯದ ಏಕಮನಸ್ಸಿನ ಮಾತು ಎಲ್ಲರಿಗೂ ಇಷ್ಟ. ಅದು ಬಂದು ಮುಟ್ಟುವುದು 4:2ರಲ್ಲಿ, ಯುವೊದ್ಯ ಮತ್ತು ಸಂತುಕೆ ಎಂಬ ಇಬ್ಬರು ಹೆಂಗಸರ ಮನಸ್ತಾಪಕ್ಕೆ. ಪತ್ರ ಬರೆದ ಪೌಲ ಹೆಸರು ಹಿಡಿದೇ ಹೇಳುತ್ತಾನೆ, ಅವರಿಗೆ ನೆರವಾಗು ಎಂದು ಮೂರನೆಯವರನ್ನೂ ಕೇಳಿಕೊಳ್ಳುತ್ತಾನೆ, ಇಬ್ಬರೂ ಸುವಾರ್ತೆಗಾಗಿ ತನ್ನ ಜೊತೆ ದುಡಿದವರು ಎಂದು ಸೇರಿಸುವುದನ್ನೂ ಮರೆಯುವುದಿಲ್ಲ. ಸ್ತ್ರೀಯರ ಕೂಟದಲ್ಲಿ ಈ ಎರಡು ವಚನಕ್ಕೇ ಒಂದು ಸಂಜೆ ಸಾಲದು.

ದಿನಗಳ ಸಾಲನ್ನು ಎಣಿಸುವ ‘ಸ್ಟ್ರೀಕ್’ ಬಗ್ಗೆ ಎಚ್ಚರ. ಅದು ಲೆಕ್ಕ ಹಿಡಿಯುವುದು ಆ್ಯಪ್ ತೆರೆದ ದಿನಗಳನ್ನು, ಓದಿದ ಅಧ್ಯಾಯಗಳನ್ನಲ್ಲ. ಜ್ವರದಲ್ಲಿ ಮಲಗಿದವರ ಸಾಲು ತುಂಡಾಗುತ್ತದೆ, ಬೆಳಿಗ್ಗೆ ತೆರೆದು ಮುಚ್ಚಿದವರದು ಬೆಳೆಯುತ್ತದೆ. ಕೂಟದಲ್ಲಿ ಇದನ್ನು ಹೋಲಿಸಲು ಬಿಟ್ಟರೆ ಹಿಂದೆ ಬಿದ್ದವರು ಸದ್ದಿಲ್ಲದೆ ಹೊರಗೆ ಹೋಗುತ್ತಾರೆ. ಎರಡು ದಿನ ಗುರುತು ಬೀಳದವರಿಗೆ ಗುಂಪಿನಲ್ಲಿ ಹೆಸರೆತ್ತಬೇಡಿ, ಫೋನ್ ಮಾಡಿ. ಅಂಥ ಫೋನಿನಲ್ಲಿ ‘ಯಾಕೆ ಓದಿಲ್ಲ’ ಎಂಬುದು ಮೊದಲ ಪ್ರಶ್ನೆ ಆಗಬಾರದು, ಅಷ್ಟೇ.

ಜ್ಞಾಪನೆ ಬರುತ್ತಿಲ್ಲ ಎಂಬ ದೂರಿಗೆ ಬಹಳ ಸಲ ಕಾರಣ ಫೋನಿನ ಬ್ಯಾಟರಿ ಉಳಿತಾಯ. ಆ್ಯಪ್‌ಗೆ ಅದರಿಂದ ವಿನಾಯಿತಿ ಕೊಟ್ಟರೆ ಸರಿಹೋಗುತ್ತದೆ. ದುಬೈಯಿಂದ ಸೇರುವವರು ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಳಗಿನ ಆರಕ್ಕೆ ಕರೆ ಇಟ್ಟರೆ ಅವರಿಗೆ ನಾಲ್ಕೂವರೆ.

ಪ್ರಾರ್ಥನಾ ವಿಜ್ಞಾಪನೆಗಳನ್ನು ಚರ್ಚೆಯ ಜಾಗದಲ್ಲಿ ಹಾಕುವುದು ನಮಗೆ ಸರಿಕಾಣದು. ಪ್ಲಾನಿನಲ್ಲಿರುವ ಎಲ್ಲರಿಗೂ ಅದು ಕಾಣುತ್ತದೆ, ಸ್ಕ್ರೀನ್‌ಶಾಟ್ ತಡೆಯುವವರಿಲ್ಲ. ಸಾಲ, ಮದುವೆಯ ಮನಸ್ತಾಪ, ರೋಗದ ವರದಿ ಮುಂತಾದವು ಎದುರುಬದುರು ಕೂತು ಹೇಳುವಂಥವು.

ಐದಕ್ಕೆ ಮೂರೂವರೆ ಕೊಡಬಹುದು. ವಾರದ ನಡುವೆ ಜನರನ್ನು ವಾಕ್ಯಕ್ಕೆ ತರುವುದರಲ್ಲಿ ಗಟ್ಟಿ, ಕನ್ನಡದ ಸರಕಿನಲ್ಲಿ ತೆಳು. ಎರಡು ಪ್ಲಾನ್ ಮುಗಿದ ಮೇಲೆ ಎರಡು ವಾರ ಬಿಡುವು ಕೊಡಿ. ಬೆನ್ನು ಬೆನ್ನಿಗೆ ಹಾಕಿದರೆ ಮೂರನೆಯದರಲ್ಲಿ ಅರ್ಧ ಗುಂಪು ಉಳಿಯುವುದಿಲ್ಲ. ಕಣ್ಣು ಮಂಜಾದವರಿಗೆ, ಸ್ಪೀಕರ್ ಗುರುತಿರುವ ಕನ್ನಡ ಅನುವಾದ ಹಾಕಿಕೊಟ್ಟರೆ ಅದೇ ಓದಿ ಹೇಳುತ್ತದೆ, ಡೇಟಾ ಇದ್ದರೆ ಸಾಕು.