18 ಡಾಲರ್ ಕ್ಯಾಪ್: ಹೊಲಿಗೆ ಗಟ್ಟಿ, ಆದರೂ ಮಕ್ಕಳಿಗೆ ಕೊಡಿಸಬೇಡಿ

ಮೊದಲೇ ಹೇಳಿಬಿಡುತ್ತೇನೆ. ಈ ಕ್ಯಾಪಿನ ಬಟ್ಟೆ ಚೆನ್ನಾಗಿದೆ, ಹೊಲಿಗೆ ಚೆನ್ನಾಗಿದೆ. 18 ಡಾಲರಿಗೆ ಮೋಸ ಇಲ್ಲ. ಆದರೂ ಇದನ್ನು ತಗೋಬೇಡಿ ಅಂತ ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಕಾರಣ ಇದರ ಮೇಲಿರುವ ಕಾನ್ಫೆಡರೇಟ್ ಬಾವುಟ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ, ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾದ ದಕ್ಷಿಣ ರಾಜ್ಯಗಳ ಸೈನಿಕರು ಹಿಡಿದ ಬಾವುಟ ಅದು. ನಾವಿರುವ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ಕಡೆಗೆ ಹೊಸದಾಗಿ ಬರುವ ನಮ್ಮವರು ಜಾಸ್ತಿ ಆಗಿದ್ದಾರೆ. ರಜೆ ಬಂತು ಅಂದರೆ ಎಲ್ಲರೂ ಗುಡ್ಡದ ಕಡೆ ಹೊರಡುತ್ತಾರೆ. ದಾರಿಯಲ್ಲಿ ಇಂಥ ಅಂಗಡಿಗಳು ಸಿಗುತ್ತವೆ.

ಕಳೆದ ಬೇಸಿಗೆಯಲ್ಲಿ ನಾವು ಚಾಟನೂಗಕ್ಕೆ ಹೊರಟಿದ್ದೆವು. ಐ-75 ಹೆದ್ದಾರಿ. ಟೆನೆಸ್ಸಿ ಗಡಿ ಇನ್ನೇನು ಬಂತು ಅನ್ನುವಾಗ ಪೆಟ್ರೋಲಿಗೆ ನಿಲ್ಲಿಸಿದೆವು. ಪಕ್ಕದಲ್ಲೇ ಒಂದು ಅಂಗಡಿ ಇತ್ತು. ಅದರ ಹೆಸರು ಬರೆಯುವುದಿಲ್ಲ, ಅಂಥದ್ದು ಅದೊಂದೇ ಅಲ್ಲ. ಒಳಗೆ ಜೇನುತುಪ್ಪ, ಪೀಚ್ ಹಣ್ಣಿನ ಜಾಮ್, ಬೆಲ್ಟು, ಚಾಕು. ಬಾಗಿಲ ಹತ್ತಿರ ದೊಡ್ಡ ಪಾತ್ರೆಯಲ್ಲಿ ಉಪ್ಪು ಹಾಕಿ ಬೇಯಿಸಿದ ಶೇಂಗಾ, ಥೇಟ್ ನಮ್ಮ ದಾವಣಗೆರೆಯಲ್ಲಿ ಬೇಯಿಸುವ ಹಾಗೆ. ನಾನು ಶೇಂಗಾ ತಗೊಂಡೆ. ನನ್ನ ಮಗ, ಅವನಿಗೆ 15 ವರ್ಷ, ತನ್ನ ಕೈಖರ್ಚಿನ ದುಡ್ಡಲ್ಲಿ ಕ್ಯಾಪ್ ತಗೊಂಡ. ಕಪ್ಪು ಬಣ್ಣ. ಮುಂದೆ ಕೆಂಪು ಬಾವುಟ, ಅದರ ಮೇಲೆ ಮೂಲೆಯಿಂದ ಮೂಲೆಗೆ ಎರಡು ನೀಲಿ ಪಟ್ಟಿ, ಪಟ್ಟಿಯೊಳಗೆ 13 ಬಿಳಿ ನಕ್ಷತ್ರ. ಕಾರಲ್ಲಿ ಕೂತ ಮೇಲೆ ನೋಡಿದೆ. ಅದೇನು ಅಂತ ನನಗೆ ಸ್ವಲ್ಪ ಗೊತ್ತಿತ್ತು. "ಯಾಕೋ ಇದು?" ಅಂದೆ. "ಡಿಸೈನ್ ಚೆನ್ನಾಗಿದೆ ಅಲ್ವಾಮ್ಮ" ಅಂದ. ನಾನು ಸುಮ್ಮನಾದೆ. ಆಗ ಸುಮ್ಮನಾಗಬಾರದಿತ್ತು.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಮ್ಮಪ್ಪನದು ದಾವಣಗೆರೆಯಲ್ಲಿ ಟೈಲರ್ ಅಂಗಡಿ. ಹಾಗಾಗಿ ಯಾವ ಬಟ್ಟೆ ಕೈಗೆ ಬಂದರೂ ಮೊದಲು ಒಳಗಡೆ ತಿರುವಿ ನೋಡುವುದು ಅಭ್ಯಾಸ. ಈ ಕ್ಯಾಪು ಆರು ತುಂಡಿನದು, ದಪ್ಪ ಹತ್ತಿ ಬಟ್ಟೆ. ಮುಂದಿನ ಎರಡು ತುಂಡಿಗೆ ಬಕ್ರಂ ಕೊಟ್ಟಿದ್ದಾರೆ, ಅದಕ್ಕೇ ಮುಂಭಾಗ ಬಗ್ಗುವುದಿಲ್ಲ. ಹಣೆ ಮೇಲೆ ಚಾಚುವ ಭಾಗಕ್ಕೆ ಒಂದರ ಪಕ್ಕ ಒಂದು ಎಂಟು ಸಾಲು ಹೊಲಿಗೆ, ಒಂದೂ ಸೊಟ್ಟ ಇಲ್ಲ. ಕಸೂತಿ ಮೆಷಿನ್ನಿನದೇ, ಆದರೆ ಒತ್ತಾಗಿದೆ. ಒಂದೊಂದು ನಕ್ಷತ್ರವೂ ಅಕ್ಕಿ ಕಾಳಿನಷ್ಟು ಚಿಕ್ಕದು, ಆದರೂ ಐದೂ ಮೂಲೆ ಎದ್ದು ಕಾಣುತ್ತವೆ. ಎರಡು ಸಲ ಒಗೆದೆ, ಕೆಂಪು ಬಣ್ಣ ಬಿಳಿಗೆ ಹತ್ತಲಿಲ್ಲ. ಒಳಗಿನ ಚೀಟಿಯಲ್ಲಿ ಮೇಡ್ ಇನ್ ಚೈನಾ ಅಂತ ಇದೆ. ಹೊಲಿದವರ ಕೈಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಊರಿಗೆ ವಾಪಸ್ ಬಂದ ಭಾನುವಾರ ಮಗ ಅದೇ ಕ್ಯಾಪ್ ಹಾಕಿಕೊಂಡು ಮನೆ ಮುಂದೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ. ಆ ಕಂಬ ನೆಡಲು ಸಹಾಯ ಮಾಡಿದವರು ಎದುರು ಮನೆಯವರು. ಕಪ್ಪು ಜನಾಂಗದವರು, ಎಪ್ಪತ್ತು ದಾಟಿದೆ, ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಭಾನುವಾರ ಬಂತು ಅಂದರೆ ನನ್ನ ಮಗನಿಗೆ ಆಟ ಹೇಳಿಕೊಡುವುದು ಅವರಿಗೂ ಖುಷಿ. ಅವತ್ತು ಚೆಂಡು ಹಿಡಿದು ಬಂದವರು ಅರ್ಧ ರಸ್ತೆಯಲ್ಲೇ ನಿಂತರು. ಕ್ಯಾಪ್ ನೋಡಿದರು. ಬಿಸಿಲು ಜಾಸ್ತಿ ಇದೆ, ಇನ್ನೊಂದು ದಿನ ಆಡೋಣ ಅಂತ ಹೇಳಿ ಹೊರಟುಹೋದರು. ಆಮೇಲೆ ಎರಡು ಭಾನುವಾರ ಬರಲಿಲ್ಲ.

ಕೊಬ್ಬರಿ ಮಿಠಾಯಿ ಮಾಡಿಕೊಂಡು ನಾನೇ ಅವರ ಮನೆಗೆ ಹೋದೆ. ಅವರು ಬೈಯಲಿಲ್ಲ. ಒಂದು ವಿಷಯ ಮಾತ್ರ ಹೇಳಿದರು. ಅವರು ಹುಟ್ಟಿದ್ದು ದಕ್ಷಿಣ ಜಾರ್ಜಿಯಾದಲ್ಲಿ. ಚಿಕ್ಕವರಿದ್ದಾಗ ಅಪ್ಪನ ಜೊತೆ ಕಾರಲ್ಲಿ ಹೋಗುವಾಗ, ಯಾವ ಪೆಟ್ರೋಲ್ ಬಂಕಿನಲ್ಲಿ ಈ ಬಾವುಟ ಕಂಡರೂ ಅಪ್ಪ ಗಾಡಿ ನಿಲ್ಲಿಸುತ್ತಿರಲಿಲ್ಲವಂತೆ. ಟ್ಯಾಂಕ್ ಖಾಲಿಯಾಗುತ್ತಾ ಬಂದಿದ್ದರೂ, ಹಿಂದೆ ಕೂತ ಮಕ್ಕಳು ಬಾತ್ರೂಮಿಗೆ ಅರ್ಜೆಂಟು ಅಂತ ಅಳುತ್ತಿದ್ದರೂ ನಿಲ್ಲಿಸುತ್ತಿರಲಿಲ್ಲ. "ನಿಮ್ಮ ಹುಡುಗನಿಗೆ ಗೊತ್ತಿಲ್ಲ ಅಂತ ನನಗೆ ಗೊತ್ತು. ಆದರೆ ನನ್ನ ಕಾಲು ಮುಂದೆ ಹೋಗಲಿಲ್ಲ" ಅಂದರು.

ನಾವು ಪೆಟ್ರೋಲ್ ಹಾಕಿಸಿ, ಶೇಂಗಾ ತಿನ್ನುತ್ತಾ ಅದೇ ಬಾವುಟ ತಗೊಂಡು ಬಂದಿದ್ದೆವು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದಿನ ಶನಿವಾರ ಮಗನನ್ನು ಕರೆದುಕೊಂಡು ಮತ್ತೆ ಅದೇ ಅಂಗಡಿಗೆ ಹೋದೆ. ಕ್ಯಾಪ್ ವಾಪಸ್ ಕೊಡೋಣ ಅಂತ. ತಗೊಳ್ಳಲಿಲ್ಲ. ತಲೆಗೆ ಹಾಕಿಕೊಂಡದ್ದನ್ನು ವಾಪಸ್ ತಗೊಳ್ಳುವುದಿಲ್ಲ ಅಂತ ರಸೀದಿಯಲ್ಲೇ ಇದೆ. ಅದು ಸರಿಯೇ. ಯಾಕೆ ಬೇಡ ಅಂತ ಅಂಗಡಿಯಾಕೆ ಕೇಳಿದರು. ಹೇಳಿದೆ. ಅವರಿಗೂ ವಯಸ್ಸಾಗಿದೆ. ಕೋಪ ಮಾಡಿಕೊಳ್ಳಲಿಲ್ಲ. ಗಲ್ಲಾಪೆಟ್ಟಿಗೆ ಹಿಂದೆ ತೂಗುಹಾಕಿದ್ದ ಒಂದು ಹಳೇ ಫೋಟೋ ತೋರಿಸಿದರು. ಅವರ ಮುತ್ತಜ್ಜನ ಅಣ್ಣ. ಅಂತರ್ಯುದ್ಧದಲ್ಲಿ ದಕ್ಷಿಣದ ಸೈನಿಕ, 1863ರ ಸೆಪ್ಟೆಂಬರಿನಲ್ಲಿ ಚಿಕಮಾಗ ಯುದ್ಧದಲ್ಲಿ ಸತ್ತಾಗ 19 ವರ್ಷ. ಬಡ ರೈತನ ಮಗ, ಒಬ್ಬ ಗುಲಾಮನನ್ನೂ ಇಟ್ಟುಕೊಂಡಿರಲಿಲ್ಲ ಅಂದರು. "ಇದು ನನಗೆ ದ್ವೇಷ ಅಲ್ಲ, ನಮ್ಮ ಮನೆತನ" ಅಂದರು. ಅವರ ಕಣ್ಣು ನೋಡಿದರೆ ಸುಳ್ಳು ಅನ್ನಿಸಲಿಲ್ಲ. ಸತ್ತ ಹುಡುಗನನ್ನು ನೆನೆಯಬೇಡಿ ಅಂತ ಯಾರು ಹೇಳುತ್ತಾರೆ? ಆ ಅಂಗಡಿಯ ಬಗ್ಗೆ ಇಷ್ಟು ಮಾತ್ರ ಹೇಳುತ್ತೇನೆ: ಶುಚಿ ಇದೆ, ಮರ್ಯಾದೆಯಿಂದ ಮಾತಾಡಿಸುತ್ತಾರೆ, ಬೆಲೆ ನ್ಯಾಯ.

ಚಿಕಮಾಗ ಯುದ್ಧಭೂಮಿ ಅಲ್ಲಿಂದ ದೂರ ಇಲ್ಲ. ಅಲ್ಲಿಗೂ ಹೋದೆವು. ನಿಜವಾಗಿ ನಾನು ಶಿಫಾರಸು ಮಾಡುವ ಜಾಗ ಇದು. ಯುದ್ಧಭೂಮಿ ಈಗ ರಾಷ್ಟ್ರೀಯ ಪಾರ್ಕು, ಅದಕ್ಕೆ ಟಿಕೆಟ್ ಇಲ್ಲ. ದೊಡ್ಡ ಬಯಲು, ಮರಗಳ ನಡುವೆ ಎಲ್ಲಿ ನೋಡಿದರೂ ಕಲ್ಲಿನ ಸ್ಮಾರಕ. ಎರಡೇ ದಿನದ ದೊಡ್ಡ ಕಾಳಗದಲ್ಲಿ ಎರಡೂ ಕಡೆ ಸೇರಿ ಸುಮಾರು 34,000 ಮಂದಿ ಸತ್ತರು, ಗಾಯಗೊಂಡರು, ಇಲ್ಲವೇ ಕಾಣೆಯಾದರು. ಪಾರ್ಕಿನ ರೇಂಜರ್ ಒಬ್ಬರು ನನ್ನ ಮಗನ ಜೊತೆ ಅರ್ಧ ಗಂಟೆ ನಿಂತು ಮಾತಾಡಿದರು. ಅವರು ಹೇಳಿದ್ದರಲ್ಲಿ ಒಂದು ಮಾತು ನನ್ನ ತಲೆಯಲ್ಲಿ ಉಳಿಯಿತು. ದಕ್ಷಿಣದವರ ಸೈನ್ಯದಲ್ಲಿ ಒಂದೊಂದು ದಳಕ್ಕೆ ಒಂದೊಂದು ಥರದ ಬಾವುಟ ಇತ್ತಂತೆ. ನೀಲಿ ಬಟ್ಟೆ ಮೇಲೆ ಬಿಳಿ ಚಂದ್ರನಂಥ ಗುರುತು ಇದ್ದದ್ದನ್ನೂ ಹಿಡಿದು ಹೋರಾಡಿದವರಿದ್ದರು. ಕ್ಯಾಪಿನ ಮೇಲಿರುವ ನಮೂನೆ ವರ್ಜೀನಿಯಾ ಕಡೆಯ ಸೈನ್ಯದ್ದು, 1861ರಲ್ಲಿ ಬಂದದ್ದು, ಅದೂ ಚೌಕಾಕಾರ. ಈ ಕಡೆಯ ಟೆನೆಸ್ಸಿ ಸೈನ್ಯಕ್ಕೆಲ್ಲಾ ಉದ್ದನೆಯ ಇದೇ ನಮೂನೆ ಕೊಟ್ಟದ್ದು 1864ರಲ್ಲಿ, ಚಿಕಮಾಗ ಮುಗಿದ ಮೇಲೆ. ಅಂದರೆ ಆ 19 ವರ್ಷದ ಹುಡುಗ ಹಿಡಿದ ಬಾವುಟ ಇದೇ ಆಗಿರಬೇಕು ಅಂತೇನೂ ಇಲ್ಲ. ಬೇರೆಯಾದ ದಕ್ಷಿಣ ಸರ್ಕಾರದ ಅಧಿಕೃತ ಬಾವುಟ ಕೂಡ ಇದಾಗಿರಲಿಲ್ಲ. ಅವರು ನಾಲ್ಕು ವರ್ಷದಲ್ಲಿ ಮೂರು ಬಾವುಟ ಮಾಡಿದರು. ಕೊನೆಯ ಎರಡರಲ್ಲಿ ಇದು ಒಂದು ಮೂಲೆಯಲ್ಲಿತ್ತು, ಅಷ್ಟೇ.

ಹಾಗಾದರೆ ಇದು ಎಲ್ಲಾ ಕಡೆ ಹಾರಲು ಶುರುವಾದದ್ದು ಯಾವಾಗ? ಇದನ್ನು ಮಗ ಕೇಳಿದ, ನಾವಿಬ್ಬರೂ ಕೂತು ಓದಿದೆವು. 1948ರಲ್ಲಿ ಕಪ್ಪು ಜನರಿಗೆ ಸಮಾನ ಹಕ್ಕು ಬೇಡ ಅಂತ ಒಡೆದು ಬಂದ ಪಕ್ಷದ ಸಭೆಗಳಲ್ಲಿ ಇದು ಹಾರಾಡಿತು. 1954ರಲ್ಲಿ ಸುಪ್ರೀಂ ಕೋರ್ಟು ಬಿಳಿಯ ಮಕ್ಕಳಿಗೆ ಬೇರೆ, ಕಪ್ಪು ಮಕ್ಕಳಿಗೆ ಬೇರೆ ಶಾಲೆ ಕೂಡದು ಅಂತ ತೀರ್ಪು ಕೊಟ್ಟಿತು. ಎರಡೇ ವರ್ಷಕ್ಕೆ, 1956ರಲ್ಲಿ, ಜಾರ್ಜಿಯಾ ತನ್ನ ರಾಜ್ಯದ ಬಾವುಟದಲ್ಲಿ ಇದನ್ನು ಸೇರಿಸಿತು. 2001ರವರೆಗೂ ಅದೇ ಇತ್ತು. ನಮ್ಮ ಎದುರು ಮನೆಯವರ ಬಾಲ್ಯ ಕಳೆದದ್ದು ಆ ಕಾಲದಲ್ಲೇ. 2015ರ ಜೂನಿನಲ್ಲಿ ಸೌತ್ ಕ್ಯಾರೊಲೈನಾದ ಚಾರ್ಲ್‌ಸ್ಟನ್ನಿನಲ್ಲಿ, ಚರ್ಚಿನಲ್ಲಿ ಬೈಬಲ್ ಓದುತ್ತಿದ್ದ 9 ಮಂದಿ ಕಪ್ಪು ಜನರನ್ನು ಒಬ್ಬ ಬಿಳಿಯ ಯುವಕ ಗುಂಡಿಟ್ಟು ಕೊಂದ. ಅವನು ಇದೇ ಬಾವುಟ ಹಿಡಿದು ಫೋಟೋ ತೆಗೆಸಿಕೊಂಡಿದ್ದ. ಆಗ ಅಲ್ಲಿನ ಗವರ್ನರ್ ಆಗಿದ್ದವರು ಪಂಜಾಬಿ ಮನೆತನದ ನಿಕ್ಕಿ ಹೇಲಿ. ಅದೇ ಜುಲೈ 10ರಂದು ವಿಧಾನಸಭೆ ಆವರಣದಿಂದ ಈ ಬಾವುಟ ಇಳಿಸಿದರು. ವಾಲ್‌ಮಾರ್ಟ್, ಅಮೆಜಾನ್ ಮಾರುವುದು ನಿಲ್ಲಿಸಿದವು. ರಾಷ್ಟ್ರೀಯ ಪಾರ್ಕುಗಳ ಅಂಗಡಿಗಳಿಗೂ ಬರೀ ಬಾವುಟದ ವಸ್ತುಗಳನ್ನು ತೆಗೆಯಿರಿ ಅಂತ ಹೇಳಿದರು. ಪುಸ್ತಕದಲ್ಲಿ, ಮ್ಯೂಸಿಯಮ್ಮಿನಲ್ಲಿ ಇರಬಹುದು, ಅದರ ಕಥೆ ಜೊತೆಗಿರುತ್ತದಲ್ಲಾ.

ಕ್ಯಾಪಿನ ಮೇಲೆ ಆ ಕಥೆ ಇರುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ. ಅಂಗಡಿಯಾಕೆ ತಮ್ಮ ಮನೆಯ ಹುಡುಗನನ್ನು ನೆನೆಸಿಕೊಂಡು ಇದನ್ನು ಮಾರುತ್ತಾರೆ. ಆದರೆ ರಸ್ತೆಯಲ್ಲಿ ನೋಡುವವರಿಗೆ ಗಲ್ಲಾಪೆಟ್ಟಿಗೆ ಹಿಂದಿನ ಫೋಟೋ ಕಾಣುವುದಿಲ್ಲ.

ಪರಂಪರೆ ಅನ್ನುವವರು ಇನ್ನೊಂದು ಲೆಕ್ಕವನ್ನೂ ನೋಡಬೇಕು. 1860ರಲ್ಲಿ ಜಾರ್ಜಿಯಾದ ಜನಸಂಖ್ಯೆ ಸುಮಾರು 10.5 ಲಕ್ಷ. ಅದರಲ್ಲಿ 4.6 ಲಕ್ಷ ಮಂದಿ ಗುಲಾಮರು. ಅವರೂ ಇದೇ ಮಣ್ಣಿನವರು, ಅವರ ಮೊಮ್ಮಕ್ಕಳೂ ಇಲ್ಲಿಯವರೇ. ನಾವು ಯಾಕೆ ಬೇರೆಯಾಗುತ್ತಿದ್ದೇವೆ ಅಂತ 1861ರಲ್ಲಿ ಜಾರ್ಜಿಯಾ ಹೊರಡಿಸಿದ ಹೇಳಿಕೆಯ ಶುರುವಿನಲ್ಲೇ ಗುಲಾಮಗಿರಿಯ ಮಾತಿದೆ. ದಕ್ಷಿಣದವರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಇದೇ ಜಾರ್ಜಿಯಾದವರು. ಕರಿಯರು ಬಿಳಿಯರಿಗೆ ಸಮಾನರಲ್ಲ ಅನ್ನುವುದೇ ನಮ್ಮ ಸರ್ಕಾರದ ಅಡಿಗಲ್ಲು ಅಂತ ಸವಾನಾ ಊರಿನಲ್ಲಿ ಭಾಷಣ ಮಾಡಿದರು. ಇದು ಆಮೇಲೆ ಯಾರೋ ಅಂಟಿಸಿದ ಅರ್ಥ ಅಲ್ಲ.

ಮಗ ಸುಲಭಕ್ಕೆ ಒಪ್ಪುವವನಲ್ಲ. ವಾಪಸ್ ಬರುವಾಗ ಕಾರಲ್ಲಿ ಕೇಳಿದ: "ನೀನು ದೀಪಾವಳಿಗೆ ಬಾಗಿಲ ಮುಂದೆ ಸ್ವಸ್ತಿಕ್ ರಂಗೋಲಿ ಹಾಕ್ತೀಯಲ್ಲಮ್ಮ, ಅದನ್ನು ನೋಡಿ ಯಹೂದಿಗಳಿಗೆ ಭಯ ಆಗಲ್ವಾ?" ಒಳ್ಳೇ ಪ್ರಶ್ನೆ. ತುಂಬಾ ಹೊತ್ತು ಯೋಚನೆ ಮಾಡಿದೆ. ನಮ್ಮ ಸ್ವಸ್ತಿಕ್ ಹಿಟ್ಲರ್ ಹುಟ್ಟುವುದಕ್ಕೆ ಸಾವಿರಾರು ವರ್ಷ ಮೊದಲೇ ಇತ್ತು, ಅವನು ತಗೊಂಡು ಹಾಳು ಮಾಡಿದ. ಈ ಬಾವುಟ ಹುಟ್ಟಿದ್ದೇ ಆ ಸೈನ್ಯಕ್ಕೋಸ್ಕರ. ಅದಕ್ಕೆ ಹಿಂದಿನ ಒಳ್ಳೇ ಕಾಲ ಅಂತ ಒಂದಿಲ್ಲ. ಇಷ್ಟು ಹೇಳಿದೆ. ಆದರೂ ಅವನ ಮಾತಲ್ಲಿ ನಿಜ ಇತ್ತು. ನೋಡುವವರಿಗೆ ನನ್ನ ಮನಸ್ಸು ಕಾಣುವುದಿಲ್ಲ ಅನ್ನುವುದು ನನಗೂ ಅನ್ವಯಿಸುತ್ತದೆ. ಈ ದೀಪಾವಳಿಗೆ ಸ್ವಸ್ತಿಕ್ ದೇವರ ಮನೆಯೊಳಗೆ ಹಾಕಿದೆ, ಹೊರಗೆ ಕಮಲದ ರಂಗೋಲಿ. ಯಾರೂ ಹೇಳಲಿಲ್ಲ, ನಾನೇ ಬದಲಾಯಿಸಿದೆ.

"ಮತ್ತೆ ನಮ್ಮ ಸ್ಕೂಲ್ ಮುಂದೆ ಹಾರೋ ರಾಜ್ಯದ ಬಾವುಟ?" ಅಂದ. ಅದೂ ನಿಜ. ಜಾರ್ಜಿಯಾದ ಈಗಿನ ಬಾವುಟ 2003ರದ್ದು. ದಕ್ಷಿಣದವರ ಮೊದಲ ಬಾವುಟದ ನಮೂನೆಯಲ್ಲೇ ಮಾಡಿದ್ದಾರೆ. ಹೆಚ್ಚಿನವರಿಗೆ ಗುರುತು ಸಿಗುವುದಿಲ್ಲ, ಅದಕ್ಕೇ ಗಲಾಟೆ ಇಲ್ಲ. ಅದನ್ನೂ ಬದಲಾಯಿಸಬೇಕಿತ್ತು ಅಂತಲೇ ನನ್ನ ಅಭಿಪ್ರಾಯ.

ಪೋಷಕರಿಗೆ ಒಂದು ಮಾತು. ರಸ್ತೆಯಲ್ಲಿ ಇದನ್ನು ಹಾಕಿಕೊಳ್ಳಲು ಕಾನೂನಿನ ಅಡ್ಡಿ ಇಲ್ಲ. ಶಾಲೆಯ ಮಾತು ಬೇರೆ. ಜಾರ್ಜಿಯಾ, ಫ್ಲೋರಿಡಾ, ಅಲಬಾಮಾ ಸೇರಿದ ಫೆಡರಲ್ ಅಪೀಲು ಕೋರ್ಟು 2003ರಲ್ಲೇ ಫ್ಲೋರಿಡಾದ ಒಂದು ಪ್ರಕರಣದಲ್ಲಿ ಈ ಬಾವುಟಕ್ಕೆ ಶಾಲೆಯವರು ಹಾಕಿದ ನಿಷೇಧವನ್ನು ಎತ್ತಿಹಿಡಿದಿದೆ. ಮಗು ಗೊತ್ತಿಲ್ಲದೆ ಹಾಕಿಕೊಂಡು ಹೋದರೆ ಪ್ರಿನ್ಸಿಪಾಲರ ಕೋಣೆಗೆ ಹೋಗಬೇಕಾದೀತು.

ನವೆಂಬರಿನಲ್ಲಿ ಇಲ್ಲಿನ ರಾಜ್ಯೋತ್ಸವಕ್ಕೆ ನಾನು ಹಳದಿ ಕೆಂಪು ಶಾಲು ಹೊಲಿದುಕೊಡುತ್ತೇನೆ. ಈ ವರ್ಷ 40 ಹೊಲಿದೆ. ಊರು ಬಿಟ್ಟು ಇಷ್ಟು ದೂರ ಬಂದವಳಿಗೆ ಹೆಗಲ ಮೇಲೆ ಆ ಬಣ್ಣ ಬಿದ್ದರೆ ಏನಾಗುತ್ತದೆ ಅಂತ ಗೊತ್ತು. ಅದಕ್ಕೇ ಅಂಗಡಿಯಾಕೆಯ ಮಾತನ್ನು ತಳ್ಳಿಹಾಕಲು ಮನಸ್ಸು ಬರಲಿಲ್ಲ. ಆದರೆ ನನ್ನ ಶಾಲು ನೋಡಿ ಎದುರು ಮನೆಯವರು ಅರ್ಧ ರಸ್ತೆಯಲ್ಲಿ ನಿಂತರೆ, ಯಾಕೆ ಅಂತ ಕೇಳುವ ತನಕ ನಾನು ಅದನ್ನು ಮಡಚಿ ಇಡುತ್ತೇನೆ.

ಕ್ಯಾಪು ಏನಾಯಿತು ಅಂದರೆ, ಕಸೂತಿ ಬಿಚ್ಚೋಣ ಅಂತ ಮಗನೇ ಹೇಳಿದ. ಒಳಗಿನಿಂದ ಬಾಬಿನ್ ದಾರವನ್ನು ಬ್ಲೇಡಿನಲ್ಲಿ ಕೆರೆದು, ಮುಂದಿನಿಂದ ಎಳೆ ಎಳೆಯಾಗಿ ಕಿತ್ತೆವು. ಮೂರು ಸಂಜೆ ಹಿಡಿಯಿತು. ಕೆಂಪು ಬೇಗ ಬಂತು. ನಕ್ಷತ್ರಗಳೇ ಕಷ್ಟ, ಒಂದೊಂದಕ್ಕೂ ಹತ್ತು ನಿಮಿಷ. ಎಲ್ಲಾ ಆದ ಮೇಲೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಮಾಡಿದೆ. ಸೂಜಿ ತೂತು ಮುಚ್ಚಲಿಲ್ಲ. ಕಪ್ಪು ಬಟ್ಟೆ ಮೇಲೆ, ದೀಪದ ಕೆಳಗೆ ಹಿಡಿದರೆ, ಅದೇ ಅಡ್ಡಪಟ್ಟಿ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಹಾಗಾಗಿ ತಗೊಂಡು ಆಮೇಲೆ ಬಿಚ್ಚಿದರಾಯಿತು ಅಂತ ಅಂದುಕೊಳ್ಳಬೇಡಿ.

ಎದುರು ಮನೆಯವರು ಈಗ ಭಾನುವಾರ ಬರುತ್ತಾರೆ. ಮಗನೇ ಹೋಗಿ ಕ್ಷಮೆ ಕೇಳಿದ, ನಾನು ಜೊತೆಗೆ ಹೋಗಲಿಲ್ಲ. ಹಸಿ ಶೇಂಗಾ ಸಿಕ್ಕಿದಾಗ ಕುಕ್ಕರಿನಲ್ಲಿ ಉಪ್ಪು ಹಾಕಿ ಬೇಯಿಸಿ ಒಂದು ಡಬ್ಬಿ ಕಳಿಸುತ್ತೇನೆ. ಉಪ್ಪು ಇನ್ನೂ ಸ್ವಲ್ಪ ಜಾಸ್ತಿ ಇರಲಿ, ನಮ್ಮಮ್ಮ ಹಾಗೇ ಮಾಡುತ್ತಿದ್ದರು ಅಂತ ಹೇಳಿ ಕಳಿಸಿದ್ದಾರೆ.