ಗೀಸರ್ ಪಾಯಿಂಟ್ ಸುಟ್ಟರೆ ಏನು ಹಾಕಿಸೋದು? ಸಾಕೆಟ್, ಎಸಿ ಬಾಕ್ಸ್, ಆರ್‌ಸಿಸಿಬಿ, ಡಿಪಿ ಸ್ವಿಚ್ – ನಾಲ್ಕನ್ನೂ ಬಳಸಿದ ಮೇಲೆ

ಗೀಸರ್‌ಗೆ ಡಿಪಿ ಸ್ವಿಚ್, ಅಂದರೆ ಎರಡೂ ವೈರನ್ನು ಒಟ್ಟಿಗೆ ಕಡಿಯುವ ಸ್ವಿಚ್, ಹಾಕಿಸಿ. ಪ್ಲಗ್, ಸಾಕೆಟ್ ಯಾವುದೂ ಬೇಡ. ಗೀಸರ್ ವೈರನ್ನು ನೇರವಾಗಿ ಸ್ವಿಚ್ಚಿಗೇ ಕೊಡಿಸಿ. ಉಳಿದ ಮೂರನ್ನೂ ನಮ್ಮ ಮನೆಯಲ್ಲೇ ನೋಡಿದ ಮೇಲೆ ನಾನು ಬಂದು ನಿಂತಿರುವುದು ಇಲ್ಲಿಗೆ.

ನಮ್ಮದು ಸಾಗರದ ಹತ್ತಿರ, ತೊಂಬತ್ತರ ದಶಕದಲ್ಲಿ ಕಟ್ಟಿದ ಮನೆ. ಕೆಳಗೊಂದು, ಮೇಲೊಂದು ಬಚ್ಚಲು. ಕೆಳಗಿನದಕ್ಕೆ 25 ಲೀಟರಿನ, 2 ಕಿಲೋವ್ಯಾಟ್ ಗೀಸರ್. ಮಳೆಗಾಲದಲ್ಲಿ ಒಬ್ಬರಾದ ಮೇಲೆ ಒಬ್ಬರು ಸ್ನಾನಕ್ಕೆ ಹೋಗುತ್ತೇವೆ. ಬೆಳಗ್ಗೆ ಆನ್ ಮಾಡಿದರೆ ಎಲ್ಲರ ಸ್ನಾನ ಮುಗಿಯುವ ತನಕ ಆಫ್ ಮಾಡುವ ಮಾತೇ ಇಲ್ಲ. ಇದನ್ನು ಮೊದಲೇ ಹೇಳುತ್ತಿರುವುದು ಯಾಕೆಂದರೆ, ದಿನಕ್ಕೆ ಹತ್ತು ನಿಮಿಷ ಗೀಸರ್ ಹಾಕುವ ಮನೆಗೂ ನಮ್ಮ ಮನೆಗೂ ಲೆಕ್ಕ ಬೇರೆ.

ಮೊದಲು ಸಾಕೆಟ್. ಇದ್ದ 16 ಆಂಪಿಯರ್ ಸಾಕೆಟ್ಟಿನ ಒಂದು ತೂತಿನ ಸುತ್ತ ಕಂದು ಬಣ್ಣ ಬಂದಿತ್ತು. ಪ್ಲಗ್ ಟಾಪ್ ಮುಟ್ಟಿದರೆ ಕೈ ಹಿಂದೆ ತೆಗೆಯಬೇಕು, ಅಷ್ಟು ಬಿಸಿ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬೇರೆ. ಎಲೆಕ್ಟ್ರಿಷಿಯನ್ ಹುಡುಗ ಬಂದು ನೋಡಿ, "ಅಕ್ಕಾ, ಗೀಸರ್ ಪ್ಲಗ್ ಬಿಸಿ ಆಗೋದು ಮಾಮೂಲಿ, ಸಾಕೆಟ್ ಚೇಂಜ್ ಮಾಡಿದ್ರೆ ಆಯ್ತು" ಅಂದ. ಐಎಸ್‌ಐ ಗುರುತಿರುವ, ಒಳ್ಳೆಯ ಕಂಪನಿಯ ಸಾಕೆಟ್ಟನ್ನೇ ತರಿಸಿದೆ. ಸುಮಾರು ಇನ್ನೂರು ರೂಪಾಯಿ. ಮಳೆಗಾಲ ಮುಗಿಯುವುದರೊಳಗೆ ಅದರಲ್ಲೂ ಅದೇ ತೂತು ಕಂದು ಬಣ್ಣಕ್ಕೆ ತಿರುಗಿತು.

ಪ್ಲಗ್ ಬೆಚ್ಚಗಾಗುವುದು ಸರಿ, ಮುಟ್ಟಲಾಗದಷ್ಟು ಬಿಸಿಯಾಗುವುದು ಮಾಮೂಲಿ ಅಲ್ಲ. 2 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಎಳೆಯುವುದು ಸುಮಾರು 8.7 ಆಂಪಿಯರ್. 16 ಆಂಪಿಯರ್ ಸಾಕೆಟ್ಟಿಗೆ ಅದೇನೂ ದೊಡ್ಡ ಹೊರೆಯಲ್ಲ. ತೊಂದರೆ ಇರುವುದು ಪಿನ್ನಿಗೂ ಸಾಕೆಟ್ಟಿನ ಒಳಗಿನ ಹಿತ್ತಾಳೆ ಪಟ್ಟಿಗೂ ಸರಿಯಾಗಿ ಹಿಡಿತ ಸಿಗದಿದ್ದಾಗ. ಆ ಸಂದಿಯಲ್ಲಿ ಬರೀ ಅರ್ಧ ಓಂ ಅಡ್ಡಿ ಸೇರಿಕೊಂಡರೂ 38 ವ್ಯಾಟಿನಷ್ಟು ಬಿಸಿ ಅಲ್ಲೇ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸುವ ಸೋಲ್ಡರಿಂಗ್ ಐರನ್ನೇ 25 ವ್ಯಾಟಿನದ್ದು ಇರುತ್ತದೆ. ಬಿಸಿಗೆ ಪಟ್ಟಿ ಸಡಿಲವಾಗುತ್ತದೆ, ಸಡಿಲವಾದಷ್ಟೂ ಬಿಸಿ ಜಾಸ್ತಿಯಾಗುತ್ತದೆ. ಹಳೇ ಸಾಕೆಟ್ಟಿನಲ್ಲಿ ಸುಟ್ಟು ಕಪ್ಪಾದ ಪಿನ್ನನ್ನೇ ಹೊಸ ಸಾಕೆಟ್ಟಿಗೆ ಚುಚ್ಚಿದರೆ ಹೊಸದೂ ಕೆಡುತ್ತದೆ. ಸಾಕೆಟ್ ಬದಲಿಸುವವರು ಪ್ಲಗ್ ಟಾಪನ್ನೂ ಬದಲಿಸಲೇಬೇಕು. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಹಾಗಾದರೆ ಎಂಸಿಬಿ, ಅಂದರೆ ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್, ಯಾಕೆ ಬೀಳಲಿಲ್ಲ? ಅದಕ್ಕೆ ಕಾಣುವುದು ಆಂಪಿಯರ್ ಮಾತ್ರ. ಲೂಸ್ ಕಾಂಟಾಕ್ಟಿನಿಂದ ಕರೆಂಟು ಹೆಚ್ಚಾಗುವುದಿಲ್ಲ, ಒಂಚೂರು ಕಡಿಮೆಯೇ ಆಗುತ್ತದೆ. ಸಾಕೆಟ್ ಕರಗಿ ನೀರಾಗುತ್ತಿದ್ದರೂ 20 ಆಂಪಿಯರ್ ಎಂಸಿಬಿಗೆ ಎಲ್ಲ ಸರಿಯಾಗಿದೆ ಅಂತಲೇ ಲೆಕ್ಕ. "ಎಂಸಿಬಿ ಇದೆಯಲ್ಲ, ಬೆಂಕಿ ಭಯ ಇಲ್ಲ" ಅನ್ನುವವರು ಇದೊಂದನ್ನು ದಯವಿಟ್ಟು ನೆನಪಿಡಿ.

ಎರಡನೆಯದು ಎಸಿ ಬಾಕ್ಸ್. ಮೆಟಲ್ ಡಬ್ಬಿ, ಒಳಗೊಂದು ಎಂಸಿಬಿ, ಪಕ್ಕದಲ್ಲಿ 20 ಆಂಪಿಯರಿನ ಮೆಟಲ್ ಪ್ಲಗ್. ಮೇಲಿನ ಬಚ್ಚಲಿಗೆ ಹಾಕಿಸಿದೆ. ಹಿಡಿತ ಗಟ್ಟಿ, ಬಿಸಿಯಾಗಿದ್ದೇ ಇಲ್ಲ. ಸುಮಾರು ಸಾವಿರ ರೂಪಾಯಿ ಆಯಿತು. ಆದರೆ ನಮ್ಮೂರ ಮಳೆಗೆ ಡಬ್ಬಿಯ ಕೆಳಗಿನ ಅಂಚಿನಲ್ಲಿ ತುಕ್ಕು ಹತ್ತಿದೆ. ಮೈಯೆಲ್ಲ ಲೋಹ ಆದ್ದರಿಂದ ಅರ್ಥಿಂಗ್ ಸರಿ ಇಲ್ಲದ ಮನೆಗೆ ಇದನ್ನು ಹಾಕಿಸಲೇಬೇಡಿ. ಬಾಡಿಗೆ ಮನೆಯವರಿಗೆ ಮಾತ್ರ ಇದು ಒಳ್ಳೆಯದು, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು.

ಮೂರನೆಯದು ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್. ಇದರ ಕತೆ ಸ್ವಲ್ಪ ಉದ್ದ.

ಶಿವಮೊಗ್ಗದ ಒಂದು ಅಂಗಡಿಯಲ್ಲಿ ಸುಟ್ಟ ಸಾಕೆಟ್ ತೋರಿಸಿದಾಗ, "ಇದಕ್ಕೆಲ್ಲ ಆರ್‌ಸಿಸಿಬಿನೇ ಔಷಧಿ ಮೇಡಂ, ಬೆಂಕಿ ಗಿಂಕಿ ಏನೂ ಆಗಲ್ಲ" ಅಂದರು. 40 ಆಂಪಿಯರ್, 30 ಮಿಲಿಆಂಪಿಯರಿನದ್ದು, ಎರಡು ಸಾವಿರದ ಆಸುಪಾಸು. ಡಿಬಿಯಲ್ಲಿ, ಅಂದರೆ ಮನೆಯ ಎಂಸಿಬಿಗಳೆಲ್ಲ ಇರುವ ಡಬ್ಬಿಯಲ್ಲಿ, ಕೂರಿಸಿದ್ದಾಯಿತು. ಹಗಲು ಸುಮ್ಮನಿತ್ತು. ಸಂಜೆ ಹಾಲಿನ ಲೈಟ್ ಹಾಕಿದ ತಕ್ಷಣ ಟಪ್ ಅಂತ ಬಿತ್ತು. ಎತ್ತಿದರೆ ಮತ್ತೆ ಬಿತ್ತು. ಹಾಲಿನ ಲೈಟ್ ಆಫ್ ಮಾಡಿದರೆ ನಿಲ್ಲುತ್ತದೆ, ದೇವರ ಮನೆ ಲೈಟ್ ಹಾಕಿದರೆ ಬೀಳುತ್ತದೆ. ಗೀಸರ್ ಹಾಕಿದರೆ ಏನೂ ಆಗುವುದಿಲ್ಲ! ಅತ್ತೆಯವರು, "ನಮ್ಮ ಬಚ್ಚಲೊಲೆ ಹಂಡೆನೇ ವಾಸಿ ಮಾರಾಯ್ತಿ, ಕತ್ತಲಲ್ಲಿ ಕೂರೋದಾದ್ರೂ ತಪ್ತಿತ್ತು" ಅಂದರು. ಎಲೆಕ್ಟ್ರಿಷಿಯನ್ ಪೀಸೇ ಡಿಫೆಕ್ಟ್ ಅಂದ. ಬದಲಿಸಿ ತಂದರೆ ಅದೂ ಹಾಗೇ.

ಇದರ ಗುಟ್ಟು ಯುಪಿಎಸ್ಸಿನಲ್ಲಿತ್ತು. ಆರ್‌ಸಿಸಿಬಿ ನೋಡುವುದು ಇಷ್ಟೇ: ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ತನ್ನ ಮೂಲಕವೇ ವಾಪಸ್ ಬಂತಾ, ಇಲ್ಲವಾ? ವ್ಯತ್ಯಾಸ 30 ಮಿಲಿಆಂಪಿಯರ್ ತಲುಪುವುದರೊಳಗೆ ಅದು ಬೀಳಲೇಬೇಕು. ನಮ್ಮ ಮನೆಯಲ್ಲಿ ಯುಪಿಎಸ್ ಹಾಕಿದವರು ಅದಕ್ಕೆ ಲೈನನ್ನು ಡಿಬಿಗಿಂತ ಮೊದಲೇ, ಮೀಟರಿನ ಕಡೆಯಿಂದ ಎಳೆದಿದ್ದರು. ಆದರೆ ಯುಪಿಎಸ್ ಲೈಟುಗಳ ನ್ಯೂಟ್ರಲ್ ಮಾತ್ರ ಇಡೀ ಮನೆಯ ನ್ಯೂಟ್ರಲ್ ಜೊತೆ ಡಿಬಿ ಒಳಗೇ ಸೇರಿತ್ತು. ಅಂದರೆ ಆ ಲೈಟುಗಳಿಗೆ ಕರೆಂಟು ಆರ್‌ಸಿಸಿಬಿಯನ್ನು ತಪ್ಪಿಸಿ ಹೊರಗಿನಿಂದ ಹೋಗುತ್ತಿತ್ತು, ವಾಪಸ್ ಬರುವಾಗ ಅದರ ಮೂಲಕ ಬರುತ್ತಿತ್ತು. ಲೆಕ್ಕ ತಾಳೆ ಆಗುವುದು ಹೇಗೆ? 9 ವ್ಯಾಟಿನ ಒಂದೇ ಒಂದು ಎಲ್‌ಇಡಿ ಬಲ್ಬಿಗೆ 39 ಮಿಲಿಆಂಪಿಯರ್ ಬೇಕು. ಬೀಳಿಸಲು ಅಷ್ಟು ಸಾಕು. ಗೀಸರಿನ ಎರಡೂ ವೈರು ಡಿಬಿ ಮೂಲಕವೇ ಹಾದುಹೋಗುವುದರಿಂದ ಅದಕ್ಕೆ ಏನೂ ಆಗುತ್ತಿರಲಿಲ್ಲ.

ಇದನ್ನು ಕಂಡುಹಿಡಿದದ್ದು ಅಡಿಕೆ ಸುಲಿಯುವ ಮೆಷಿನ್ನಿನ ವೈರಿಂಗ್ ನೋಡಲು ಬಂದಿದ್ದ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್. ಡಿಬಿ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ನ್ಯೂಟ್ರಲ್ ಲಿಂಕಿನ ಒಂದೊಂದೇ ಕಪ್ಪು ವೈರನ್ನು ಬೆರಳಲ್ಲಿ ಅಲ್ಲಾಡಿಸಿ, "ಇದು ಯುಪಿಎಸ್ಸಿಂದು, ಇದರ ಲೈನ್ ಎಲ್ಲಿ?" ಅಂತ ಕೇಳಿದರು. ಪ್ರಶ್ನೆಯಲ್ಲೇ ಉತ್ತರ ಇತ್ತು. ಯುಪಿಎಸ್ಸಿಗೆ ಹೋಗುವ ಲೈನು, ನ್ಯೂಟ್ರಲ್ ಎರಡನ್ನೂ ಆರ್‌ಸಿಸಿಬಿ ಆದ ಮೇಲಿನಿಂದ ಕೊಟ್ಟರು. ಅಲ್ಲಿಗೆ ಕಾಟ ತಪ್ಪಿತು. ಯುಪಿಎಸ್ ಇರುವ ಮನೆಯವರು ಆರ್‌ಸಿಸಿಬಿ ತರುವ ಮೊದಲೇ ಇದನ್ನು ನೋಡಿಸಿಕೊಳ್ಳಿ. ಇಲ್ಲದಿದ್ದರೆ ಒಳ್ಳೆಯ ಪೀಸನ್ನು ಕೆಟ್ಟದ್ದು ಅಂತ ಬಿಚ್ಚಿಸಿ ಎಸೆಯುತ್ತೀರಿ. ಹಾಗೆ ಬಿಚ್ಚಿಸಿದ ಮನೆಗಳು ನಮ್ಮ ಬೀದಿಯಲ್ಲೇ ಇವೆ, ಅದೇ ಬೇಜಾರು.

ಆಮೇಲೆ ಒಮ್ಮೆ ಜೋರು ಮಳೆಯಲ್ಲಿ ಬಿತ್ತು. ಅಂಗಳದ ಲೈಟಿನ ಹೋಲ್ಡರಿಗೆ ನೀರು ಇಳಿದಿತ್ತು. ಆ ಸಲ ಬಿದ್ದದ್ದು ಸರಿಯಾಗೇ ಇತ್ತು.

ಆರ್‌ಸಿಸಿಬಿಯನ್ನು ನಾನು ತೆಗೆಸುವುದಿಲ್ಲ. ಮಕ್ಕಳು ಒದ್ದೆ ಕೈಯಲ್ಲಿ ಏನನ್ನೋ ಮುಟ್ಟಿದರೆ ಪ್ರಾಣ ಉಳಿಸುವುದು ಅದೇ. ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡುತ್ತೇನೆ. ಆದರೆ ಅಂಗಡಿಯವರು ಹೇಳಿದ ಮಾತು ಅರ್ಧ ಮಾತ್ರ ನಿಜ. ವೈರಿನ ಇನ್ಸುಲೇಷನ್ ಹಾಳಾಗಿ ಕರೆಂಟು ಅರ್ಥಿಗೆ ಸೋರಿದರೆ ಅದು ತಡೆಯುತ್ತದೆ. ಪಿನ್ನು ಲೂಸಾಗಿ ಸಾಕೆಟ್ ಸುಡುತ್ತಿದ್ದರೆ ಹೋದ ಕರೆಂಟು ಅಷ್ಟೂ ವಾಪಸ್ ಬರುತ್ತಲೇ ಇರುತ್ತದೆ. ಅದಕ್ಕೆ ಗೊತ್ತೇ ಆಗುವುದಿಲ್ಲ. ನಮ್ಮ ಸಾಕೆಟ್ ಆರ್‌ಸಿಸಿಬಿ ಹಾಕಿಸಿದ ಮೇಲೂ ಬಿಸಿಯಾಗುತ್ತಲೇ ಇತ್ತು.

ಕೊನೆಗೆ ಡಿಪಿ ಸ್ವಿಚ್. ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ದೊಡ್ಡ ಸ್ವಿಚ್, ಕೆಂಪು ದೀಪ ಇರುತ್ತದೆ. ಬೆಲೆ ಮುನ್ನೂರೈವತ್ತರ ಹತ್ತಿರ. ಬಚ್ಚಲಿನ ಹೊರಗಿನ ಗೋಡೆಗೆ ಹಾಕಿಸಿದೆ. ಪ್ಲಗ್ ಇಲ್ಲ, ಪಿನ್ ಇಲ್ಲ, ಸಡಿಲವಾಗುವ ಹಿತ್ತಾಳೆ ಪಟ್ಟಿಯೂ ಇಲ್ಲ. ವೈರನ್ನು ಸ್ಕ್ರೂ ಕೆಳಗೆ ಬಿಗಿಯುವುದು, ಅಷ್ಟೇ. ಅರ್ಥ್ ವೈರನ್ನು ಮಾತ್ರ ಪಕ್ಕದ ಕನೆಕ್ಟರಿನಲ್ಲಿ ಸೇರಿಸುತ್ತಾರೆ. "ಅರ್ಥ್ ಬೇಡ ಬಿಡಿ" ಅಂದರೆ ಒಪ್ಪಬೇಡಿ. ಒಳಗಿನ ವೈರ್ ಹಳೆಯದಾಗಿದ್ದರೆ ಡಿಬಿಯಿಂದಲೇ 4 ಚದರ ಮಿಲಿಮೀಟರಿನದ್ದು ಎಳೆಸಿ, ನಾವು ಹಾಗೇ ಮಾಡಿದೆವು.

ಒಂದು ವಿಷಯಕ್ಕೆ ಮಾತ್ರ ಪಕ್ಕದಲ್ಲೇ ನಿಂತು ನೋಡಬೇಕು. ಗೀಸರಿನ ಜೊತೆ ಬರುವ ವೈರು ಸಣ್ಣ ಸಣ್ಣ ಎಳೆಗಳದ್ದು. ಸುಮ್ನೆ ತಿರುಚಿ ಸ್ಕ್ರೂ ಕೆಳಗೆ ತುರುಕಿದರೆ ಎಳೆಗಳು ಚದುರಿ, ಸ್ವಲ್ಪ ದಿನಕ್ಕೆ ಅದೂ ಲೂಸಾಗುತ್ತದೆ. ತುದಿಗೆ ಲಗ್, ಅಂದರೆ ಎಳೆಗಳನ್ನು ಒಟ್ಟಿಗೆ ಹಿಡಿಯುವ ಲೋಹದ ಚಿಕ್ಕ ತುಂಡು, ಒತ್ತಿ ಆಮೇಲೆ ಬಿಗಿಯಬೇಕು. ಲಗ್ಗಿಗೆ ಕೆಲವೇ ರೂಪಾಯಿ. ಬಿಗಿದ ಮೇಲೆ ವೈರನ್ನು ಒಮ್ಮೆ ಎಳೆದು ನೋಡಲು ಹೇಳಿ.

ಇದಕ್ಕೊಂದು ತೊಡಕೂ ಇದೆ. ಗೀಸರ್ ಸರ್ವಿಸಿಗೆ ಬಂದವರು ಪ್ಲಗ್ ಕಿತ್ತ ಹಾಗೆ ಕಿತ್ತು ಕೆಲಸ ಮಾಡಲಾಗುವುದಿಲ್ಲ, ಡಿಬಿಯಲ್ಲಿ ಆಫ್ ಮಾಡಿ ವೈರ್ ಬಿಚ್ಚಬೇಕು. ನಮ್ಮ ಗೀಸರಿನ ವಾರಂಟಿ ಮುಗಿದಿತ್ತು, ಹಾಗಾಗಿ ಕಂಪನಿ ಕೊಟ್ಟ ಪ್ಲಗ್ ಕತ್ತರಿಸಲು ನಾವು ಹಿಂದೆ ಮುಂದೆ ನೋಡಲಿಲ್ಲ. ನಿಮ್ಮದು ಹೊಸತಾಗಿದ್ದರೆ ಕಂಪನಿಯವರನ್ನು ಕೇಳಿಯೇ ಕತ್ತರಿಸಿ.

ಡಿಪಿ ಸ್ವಿಚ್ ಬಂದ ಮೇಲೆ ಬೆಳಗಿನ ಎಲ್ಲರ ಸ್ನಾನ ಮುಗಿಯುವ ಹೊತ್ತಿಗೆ ಪ್ಲೇಟಿನ ಮೇಲೆ ಅಂಗೈ ಇಟ್ಟು ನೋಡಿದ್ದೇನೆ. ಗೋಡೆಯಷ್ಟೇ ತಣ್ಣಗಿರುತ್ತದೆ. ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಮೊದಲು ಇದನ್ನೇ ಮಾಡಿಸಿ, ಕೂಲಿ ಸೇರಿದರೂ ಸಾವಿರದೊಳಗೆ ಮುಗಿಯುತ್ತದೆ. ವೈರ್ ಎಳೆಸಿದರೆ ಮಾತ್ರ ಖರ್ಚು ಬೇರೆ. ಇನ್ನೊಂದಷ್ಟು ಕೂಡಿದ ಮೇಲೆ ಆರ್‌ಸಿಸಿಬಿ. ಮೇಲಿನ ಎಸಿ ಬಾಕ್ಸ್ ತುಕ್ಕು ಜಾಸ್ತಿಯಾದ ದಿನ ಅಲ್ಲಿಗೂ ಡಿಪಿ ಸ್ವಿಚ್ಚೇ ಬರುತ್ತದೆ.

ಇವತ್ತೇ ನಿಮ್ಮ ಮನೆಯಲ್ಲಿ ಪ್ಲಗ್ ಸುಟ್ಟ ವಾಸನೆ ಬರುತ್ತಿದ್ದರೆ ಪ್ಲಗ್ಗಿಗೆ ಕೈ ಹಾಕಬೇಡಿ. ಮೊದಲು ಮೇನ್ ಆಫ್ ಮಾಡಿ. ಉರಿ ಕಂಡರೆ ನೀರು ಎರಚಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ 101 ಅಥವಾ 112ಕ್ಕೆ ಫೋನ್ ಮಾಡಿ. ಬೆಂಕಿ ಆರಿಸುವ ಡ್ರೈ ಪೌಡರ್ ಸಿಲಿಂಡರ್ ಇದ್ದು, ಉರಿ ಸಣ್ಣದಾಗಿದ್ದು, ಬಾಗಿಲು ನಿಮ್ಮ ಬೆನ್ನ ಹಿಂದಿದ್ದರೆ ಮಾತ್ರ ಅದನ್ನು ಬಳಸಿ. ನಾವು ಒಂದನ್ನು ಅಡುಗೆಮನೆ ಬಾಗಿಲ ಹೊರಗೆ ತೂಗುಹಾಕಿದ್ದೇವೆ, ಅತ್ತೆಯವರ ಕೈಗೂ ಎಟುಕುವ ಎತ್ತರಕ್ಕೆ.